ಮಗ ದುಬೈಗೆ ಹೋಗಿಬರಲಿ ಎನ್ನಲೇ, ಬೇಡವೆನ್ನಲೇ?

ಪ್ರಶ್ನೆ: ನಾನು ಕಲಬುರಗಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಮೂರು ವರ್ಷಗಳಿಂದ ಪತಿಯಿಂದ ದೂರವಾಗಿ ತವರಿನಲ್ಲಿದ್ದೇನೆ. ವಿಚ್ಛೇದನದ ಪ್ರಕರಣ ಇಲ್ಲಿಯ ಕೌಟುಂಬಿಕ ನ್ಯಾಯಾಲಯದಲ್ಲಿ ನಡೆಯುತ್ತಿದೆ. ಎಂಟೂವರೆ ವರ್ಷದ ಮಗನ ಮಧ್ಯಂತರ ಸುಪರ್ದಿ ನನಗೆ ಸಿಕ್ಕಿದೆ. ಪತಿ ದುಬೈನಲ್ಲಿ ಎಂಜಿನಿಯರ್, ಅತ್ತೆ ಮಾವ ಭಾಲ್ಕಿ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಬರುವ ಬೇಸಿಗೆ ರಜೆಯಲ್ಲಿ ಮಗನನ್ನು 40 ದಿನ ದುಬೈಗೆ ಕರೆದೊಯ್ಯಲು ಅನುಮತಿ ಕೇಳಿ ಪತಿ ಅರ್ಜಿ ಹಾಕಿದ್ದಾರೆ. ಮಗನ ಹಳೆಯ ಪಾಸ್‌ಪೋರ್ಟ್ ನನ್ನ ಬಳಿಯೇ ಇದೆ, ಅವಧಿ ಮುಗಿದಿದೆ. ಹೊಸದಕ್ಕೆ ಸಹಿ ಹಾಕಿ ಎಂದು ವಕೀಲರ ಮೂಲಕ ನೋಟಿಸ್ ಕಳಿಸಿದ್ದಾರೆ. ಮಗ ಹೋಗುತ್ತೇನೆಂದು ಕುಣಿಯುತ್ತಿದ್ದಾನೆ. ಹೋದವನನ್ನು ಅಲ್ಲೇ ಇಟ್ಟುಕೊಂಡರೆ ನನ್ನ ಗತಿಯೇನು? ‘ಸಹಿ ಹಾಕಬೇಡ, ನಿನ್ನ ಸಹಿ ಇಲ್ಲದೆ ಏರ್‌ಪೋರ್ಟ್ ದಾಟಿಸಲು ಆಗುವುದಿಲ್ಲ’ ಎನ್ನುತ್ತಾನೆ ಅಣ್ಣ. ‘ಇಟ್ಟುಕೊಂಡರೆ ಅಪಹರಣದ ಕೇಸು ಹಾಕಿದರಾಯಿತು’ ಎನ್ನುತ್ತಾರೆ ಚಿಕ್ಕಪ್ಪ. ಬೇಡವೆಂದರೆ ನ್ಯಾಯಾಧೀಶರಿಗೆ ನನ್ನ ಬಗ್ಗೆ ತಪ್ಪು ಅಭಿಪ್ರಾಯ ಬಂದೀತೆಂಬ ಭಯವೂ ಇದೆ. ಏನು ಮಾಡಲಿ?
— ಓದುಗರು, ಕಲಬುರಗಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗ ದುಬೈ ನೋಡಬಾರದು, ತಂದೆಯೊಡನೆ ಇರಬಾರದು ಎಂದು ನೀವು ಎಲ್ಲಿಯೂ ಬರೆದಿಲ್ಲ. ನಿಮ್ಮ ಆತಂಕವೆಲ್ಲ ಮರಳಿ ಬರುವ ದಿನದ ಬಗ್ಗೆ. ಈ ಒಂದು ಸಂಗತಿ ನಿಮ್ಮ ತಕರಾರು ಅರ್ಜಿಯ ಮೊದಲ ಪುಟದಲ್ಲಿಯೇ ಬರಬೇಕು. ಏಕೆಂದರೆ ‘ಕಳಿಸುವುದಿಲ್ಲ’ ಎಂಬ ತಾಯಿಗೂ ‘ಮರಳಿ ಬರುವುದಕ್ಕೆ ಏನು ಖಾತರಿ’ ಎಂದು ಕೇಳುವ ತಾಯಿಗೂ ನ್ಯಾಯಾಲಯದಲ್ಲಿ ಬಹಳ ಅಂತರವಿದೆ. ಕಲಬುರಗಿ ಮತ್ತು ಬೀದರಿನಲ್ಲಿ ಇಂತಹ ಪ್ರಕರಣಗಳನ್ನು ಎರಡು ದಶಕಗಳಿಂದ ನಡೆಸಿರುವ ನನ್ನ ಅನುಭವದಲ್ಲಿ, ಬರಿದೇ ಬೇಡವೆಂದವರು ಅರ್ಜಿಯನ್ನು ಸೋತಿದ್ದಾರೆ, ನಂಬಿಕೆಯ ಮೇಲೆ ಬರಿದೇ ಸಹಿ ಹಾಕಿದವರಲ್ಲಿ ಕೆಲವರು ಅದಕ್ಕಿಂತ ದೊಡ್ಡದನ್ನು ಸೋತಿದ್ದಾರೆ.

ಮೊದಲು ನಿಮ್ಮ ಅಣ್ಣನವರ ಮಾತನ್ನು ನೋಡೋಣ. ಅದರಲ್ಲಿ ಅರ್ಧ ನಿಜವಿದೆ. ಅಪ್ರಾಪ್ತರ ಪಾಸ್‌ಪೋರ್ಟಿಗೆ ಐದು ವರ್ಷ ಅಥವಾ ಮಗುವಿಗೆ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಮಾನ್ಯತೆಯಿರುತ್ತದೆ. ಹೊಸದು ಮಾಡಿಸುವಾಗ ತಂದೆ ತಾಯಿ ಇಬ್ಬರೂ ಸೇರಿ ಅನುಬಂಧ ‘ಡಿ’ಯ ಘೋಷಣೆಗೆ ಸಹಿ ಹಾಕುವುದು ರೂಢಿ. ಆದರೆ ಒಬ್ಬರ ಒಪ್ಪಿಗೆ ಸಿಗದಿದ್ದಾಗ ಇನ್ನೊಬ್ಬರು ಕಾರಣ ತಿಳಿಸಿ ಅರ್ಜಿ ಹಾಕಲೆಂದೇ ಅನುಬಂಧ ‘ಸಿ’ ಎಂಬ ಘೋಷಣೆಯೂ ಇದೆ. ಆದ್ದರಿಂದ ನಿಮ್ಮ ಸಹಿಯೊಂದೇ ಬಾಗಿಲಿನ ಬೀಗವೆಂದು ನಂಬಿ ಕೂರಬೇಡಿ. ಸುಪರ್ದಿಯ ಆದೇಶ ನಿಮ್ಮ ಪರವಾಗಿರುವುದನ್ನು ಮುಚ್ಚಿಟ್ಟು ಯಾರಾದರೂ ಆ ಘೋಷಣೆ ಸಲ್ಲಿಸಿದರೆ ಅದು 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಡಿ ಅಪರಾಧ, ನಿಜ. ಆದರೆ ಅಪರಾಧವೆಂದು ಸಾಬೀತಾಗುವಷ್ಟರಲ್ಲಿ ವಿಮಾನ ಹೋಗಿರುತ್ತದೆ. ಮಧ್ಯಂತರ ಆದೇಶದ ಪ್ರಮಾಣಿತ ಪ್ರತಿಯನ್ನು ಲಗತ್ತಿಸಿ, ನ್ಯಾಯಾಲಯದ ಅನುಮತಿಯಿಲ್ಲದೆ ಮಗನಿಗೆ ಹೊಸ ಪಾಸ್‌ಪೋರ್ಟ್ ಕೊಡಬಾರದೆಂದು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಅಧಿಕಾರಿಗೆ ಈ ವಾರವೇ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ. ಅಂಚೆಯ ರಸೀದಿಯನ್ನು ಕಡತದಲ್ಲಿಡಿ.

ಏರ್‌ಪೋರ್ಟಿನ ಮಾತಂತೂ ತಪ್ಪೇ. ಮಗು ತಂದೆಯೊಡನೆಯೋ ತಾಯಿಯೊಡನೆಯೋ ಹೊರಟಿದ್ದರೆ, ಪಾಸ್‌ಪೋರ್ಟ್ ಮತ್ತು ವೀಸಾ ಸರಿಯಿದ್ದರೆ, ನಮ್ಮ ವಲಸೆ ಅಧಿಕಾರಿಗಳು ಇನ್ನೊಬ್ಬರ ಒಪ್ಪಿಗೆ ಪತ್ರ ಎಲ್ಲಿ ಎಂದು ಸಾಮಾನ್ಯವಾಗಿ ಕೇಳುವುದಿಲ್ಲ. ತಡೆಯಬೇಕೆಂದಿದ್ದರೆ ನ್ಯಾಯಾಲಯದ ತಡೆಯಾಜ್ಞೆ ಇರಬೇಕು, ಅದು ಅವರ ಕಂಪ್ಯೂಟರಿನವರೆಗೆ ತಲುಪಿರಬೇಕು. ನಮ್ಮ ಭಾಗದವರು ಇದನ್ನು ವಿಶೇಷವಾಗಿ ನೆನಪಿಡಬೇಕು: ಬೀದರ್, ಭಾಲ್ಕಿ, ಕಲಬುರಗಿಯವರು ಕೊಲ್ಲಿ ದೇಶಗಳಿಗೆ ಹೊರಡುವುದು ಹೆಚ್ಚಾಗಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣದಿಂದ. ಕಲಬುರಗಿಯ ನ್ಯಾಯಾಲಯದಲ್ಲಿ ಪಡೆದ ಆದೇಶವನ್ನು ಪಕ್ಕದ ರಾಜ್ಯದ ವಿಮಾನ ನಿಲ್ದಾಣದ ಅಧಿಕಾರಿ ತಾನಾಗಿ ತಿಳಿದುಕೊಳ್ಳುವುದಿಲ್ಲ. ಆದೇಶದ ಪ್ರತಿಯನ್ನು ವಲಸೆ ಬ್ಯೂರೋಗೆ ಕಳಿಸಬೇಕೆಂಬ ನಿರ್ದೇಶನವನ್ನು ಆದೇಶದಲ್ಲಿಯೇ ಬರೆಸಬೇಕು. ಎಷ್ಟೋ ವಕೀಲರು ತಡೆಯಾಜ್ಞೆ ಸಿಕ್ಕಿತೆಂಬ ಖುಷಿಯಲ್ಲಿ ಈ ಸಾಲನ್ನು ಕೇಳುವುದನ್ನೇ ಮರೆಯುತ್ತಾರೆ. ನಾನೂ ಒಮ್ಮೆ ಮರೆತಿದ್ದೇನೆ.

ಇನ್ನು ಚಿಕ್ಕಪ್ಪನವರು ಹೇಳಿದ ಅಪಹರಣದ ಕೇಸು. ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ, ಅಂದರೆ ಹಿಂದಿನ ದಂಡ ಸಂಹಿತೆಯ 361, ಕಾನೂನುಬದ್ಧ ಪೋಷಕರ ವಶದಿಂದ ಮಗುವನ್ನು ಒಯ್ಯುವುದರ ಬಗ್ಗೆ ಮಾತಾಡುತ್ತದೆ. ತಂದೆ ತಾನೇ ಸಹಜ ಪೋಷಕನಾಗಿರುವುದರಿಂದ ಪೊಲೀಸರು ಇಂತಹ ದೂರನ್ನು ‘ಇದು ಮನೆಯ ಜಗಳ, ಕೋರ್ಟಿಗೆ ಹೋಗಿ’ ಎಂದು ಹಿಂದಿರುಗಿಸುವುದೇ ಹೆಚ್ಚು. ಅದರಲ್ಲಿಯೂ ನ್ಯಾಯಾಲಯದ ಅನುಮತಿಯಿಂದಲೇ ಹೋದ ಮಗು ತಡವಾಗಿ ಬಂದರೆ ಅದನ್ನು ಅಪಹರಣವೆನ್ನುವುದು ಇನ್ನೂ ಕಷ್ಟ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ನ್ಯಾಯಾಂಗ ನಿಂದನೆ ಮತ್ತು ಆದೇಶದಲ್ಲಿ ಬರೆಸಿಕೊಂಡ ಷರತ್ತುಗಳು. ಆದ್ದರಿಂದಲೇ ಆ ಷರತ್ತುಗಳ ಬಗ್ಗೆ ಇಷ್ಟು ಹೇಳಬೇಕಾಗಿದೆ.

ಮರಳಿ ತರಿಸುವುದು ಏಕೆ ಕಷ್ಟವೆಂಬುದನ್ನೂ ತಿಳಿದಿರಿ. ಗಡಿ ದಾಟಿಸಿದ ಮಕ್ಕಳನ್ನು ಬೇಗನೆ ಸ್ವಂತ ದೇಶಕ್ಕೆ ಕಳಿಸಲೆಂದು 1980ರಲ್ಲಿ ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ ಅದಕ್ಕೆ ಸೇರಿಲ್ಲ, ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನವೂ ಸೇರಿಲ್ಲ. ಹೀಗಾಗಿ ಕಲಬುರಗಿಯ ಸುಪರ್ದಿ ಆದೇಶವನ್ನು ಹಿಡಿದುಕೊಂಡು ದುಬೈಗೆ ಹೋದರೆ ಅಲ್ಲಿಯ ನ್ಯಾಯಾಲಯ ಅದನ್ನು ತಾನಾಗಿ ಜಾರಿ ಮಾಡುವುದಿಲ್ಲ. ತನ್ನ ಕಾನೂನಿನಂತೆ ಹೊಸದಾಗಿ ವಿಚಾರಿಸುತ್ತದೆ. ‘2020ರಲ್ಲಿ ದುಬೈ ಜೊತೆ ಒಪ್ಪಂದವಾಗಿದೆಯಲ್ಲ’ ಎಂದು ಕಕ್ಷಿದಾರರು ಆಗಾಗ ಕೇಳುತ್ತಾರೆ. ಆ ವರ್ಷದ ಜನವರಿಯಲ್ಲಿ ಹೊರಟದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಒಂದು ಅಧಿಸೂಚನೆ. ಅಲ್ಲಿಯ ನ್ಯಾಯಾಲಯಗಳ ಡಿಕ್ರಿಯನ್ನು, ಅಂದರೆ ಸಿವಿಲ್ ಪ್ರಕರಣದ ಅಂತಿಮ ಆದೇಶವನ್ನು, ಇಲ್ಲಿ ಜಾರಿ ಮಾಡುವುದಕ್ಕೆ, ಅದೂ ಹಣದ ಡಿಕ್ರಿಗೆ, ಅದು ಸಂಬಂಧಿಸಿದೆ. ನಿಮ್ಮ ಮಗನಿಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಧೈರ್ಯದ ಮಾತನ್ನೂ ಹೇಳಬೇಕು, ಏಕೆಂದರೆ ಅದೂ ಅಷ್ಟೇ ನಿಜ. ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ತಂದೆಯ ಪ್ರಕರಣಕ್ಕೂ ನಿಮ್ಮದಕ್ಕೂ ಹೋಲಿಕೆ ಸಲ್ಲದು. ಕೊಲ್ಲಿ ದೇಶಕ್ಕೆ ದುಡಿಯಲು ಹೋದ ನಮ್ಮ ಜನ ಸಾಮಾನ್ಯವಾಗಿ ಕೊನೆಯವರೆಗೂ ಭಾರತೀಯ ಪ್ರಜೆಗಳಾಗಿಯೇ ಉಳಿಯುತ್ತಾರೆ. ಅವರ ವಾಸ ಕೆಲಸದ ಮೇಲೆ ನಿಂತಿರುತ್ತದೆ, ಪಾಸ್‌ಪೋರ್ಟ್ ನವೀಕರಣಕ್ಕೆ ಭಾರತದ ದೂತಾವಾಸಕ್ಕೇ ಬರಬೇಕು, ತಂದೆ ತಾಯಿ ಊರಿನಲ್ಲಿರುತ್ತಾರೆ, ಹೊಲ ಮನೆ ಇಲ್ಲಿರುತ್ತವೆ. ನ್ಯಾಯಾಲಯ ಕರೆದಾಗ ಬಾರದವನ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಲು ಅದೇ 1967ರ ಕಾಯ್ದೆಯ 10ನೇ ಕಲಮಿನಲ್ಲಿ ಅವಕಾಶವಿದೆ. ಹಾಗಾಗಿ ನಿಮ್ಮ ಪತಿಯನ್ನು ಮಾತಿಗೆ ಕಟ್ಟಿಹಾಕುವ ಹಗ್ಗ ದುಬೈನಲ್ಲಿಲ್ಲ, ಭಾಲ್ಕಿಯಲ್ಲಿದೆ.

ನನ್ನ ಅನುಭವದಲ್ಲಿ ಅತ್ಯಂತ ಕೆಲಸ ಮಾಡಿದ ಷರತ್ತು ಅಜ್ಜನ ಜಾಮೀನು. ಒಂದು ಪ್ರಕರಣದಲ್ಲಿ ಮಗುವಿನ ಅಜ್ಜ ಧೋತರ, ಬಿಳಿ ಟೋಪಿಯಲ್ಲಿ ಬಂದು ಸಾಕ್ಷಿಕಟ್ಟೆಯ ಪಕ್ಕ ನಿಂತು, ನಾಲ್ಕು ಎಕರೆಯ ಪಹಣಿಯನ್ನು ಸಿರಸ್ತೇದಾರರ ಮೇಜಿನ ಮೇಲಿಟ್ಟು, ‘ಮಮ್ಮಗ ಬರ್ಲಿಲ್ಲಂದ್ರ ಈ ಹೊಲ ನಿಮ್ದು’ ಎಂದರು. ನ್ಯಾಯಾಧೀಶರು ನಕ್ಕು, ಹೊಲ ನ್ಯಾಯಾಲಯಕ್ಕೆ ಬೇಡ, ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿ ಎಂದರು. ಮಗು ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಬಂತು. ಮಗುವಿನ ತಂದೆ ಫೋನಿನಲ್ಲಿ ಏನೇ ಕಾರಣ ಹೇಳಿದರೂ ಆ ಅಜ್ಜ ಬಿಡುತ್ತಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ನಿಮ್ಮ ಮಾವನವರೊಡನೆ ನಿಮ್ಮ ಸಂಬಂಧ ಹೇಗಿದೆಯೆಂದು ನೀವು ಬರೆದಿಲ್ಲ. ಮಾತು ಪೂರ್ತಿ ನಿಂತಿಲ್ಲವಾದರೆ ಅದು ಬಹಳ ಬೆಲೆಯುಳ್ಳದ್ದು.

ಹಣದ ಠೇವಣಿಯೂ ಒಂದು ದಾರಿಯೇ. ಆದರೆ ಅದರ ಮಿತಿಯನ್ನು ಸುಪ್ರೀಂ ಕೋರ್ಟಿನ ಒಂದು ಪ್ರಕರಣವೇ ತೋರಿಸಿದೆ. 2020ರ ಅಕ್ಟೋಬರಿನಲ್ಲಿ ಕೀನ್ಯಾದಲ್ಲಿ ನೆಲೆಸಿದ್ದ ತಂದೆಯೊಬ್ಬರಿಗೆ ಮಗನ ಸುಪರ್ದಿ ಕೊಡುವಾಗ ನ್ಯಾಯಾಲಯ ಒಂದು ಕೋಟಿ ರೂಪಾಯಿ ಠೇವಣಿ ಇಡಿಸಿತು, ಜೊತೆಗೆ ನೈರೋಬಿಯ ನ್ಯಾಯಾಲಯದಿಂದ ‘ಮಿರರ್ ಆರ್ಡರ್’, ಅಂದರೆ ಇಲ್ಲಿಯ ಷರತ್ತುಗಳನ್ನೇ ಅಲ್ಲಿಯೂ ಹೊರಡಿಸಿದ ಪ್ರತಿರೂಪದ ಆದೇಶವನ್ನು ತರಬೇಕೆಂದಿತು. ಇಷ್ಟಾಗಿಯೂ ಆತ ಮಾತಿಗೆ ತಪ್ಪಿದರು. 2021ರಲ್ಲಿ ಸುಪ್ರೀಂ ಕೋರ್ಟ್ ತನ್ನ ಆದೇಶವನ್ನೇ ಹಿಂಪಡೆಯಬೇಕಾಯಿತು, 2022ರಲ್ಲಿ ನಿಂದನೆಗಾಗಿ ಆರು ತಿಂಗಳ ಸಜೆಯನ್ನೂ ವಿಧಿಸಿತು. ಅದು ಮಗನನ್ನು ಪೂರ್ತಿಯಾಗಿ ಒಪ್ಪಿಸಿದ ಪ್ರಕರಣ, ನಿಮ್ಮದು ರಜೆಯ ಪ್ರವಾಸ. ಎರಡೂ ಒಂದೇ ಅಲ್ಲ. ಆದರೂ ಕಾಗದದ ಷರತ್ತಿಗೆ ಎಷ್ಟು ಬಲವೆಂದು ಅಳೆಯುವಾಗ ಆ ಪ್ರಕರಣ ನನಗೆ ನೆನಪಾಗುತ್ತದೆ. ಮಿರರ್ ಆರ್ಡರನ್ನು ರಜೆಯ ಪ್ರವಾಸಕ್ಕೆ ಕೇಳುವುದು ಅತಿಯಾಗುತ್ತದೆ, ಖರ್ಚೂ ಹೆಚ್ಚು.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಅರ್ಜಿಯನ್ನು ಪೂರ್ತಿಯಾಗಿ ವಿರೋಧಿಸುವುದು ಒಂದು ದಾರಿ. ಪತಿ ‘ಇನ್ನು ನೀನು ಮಗನ ಮುಖ ನೋಡಲಾರೆ’ ಎಂಬಂತಹ ಸಂದೇಶ ಕಳಿಸಿದ್ದರೆ, ದಸರೆಗೆ ಭಾಲ್ಕಿಗೆ ಕರೆದೊಯ್ದವರು ಹೇಳಿದ ದಿನಕ್ಕೆ ಕಳಿಸದೆ ಸತಾಯಿಸಿದ್ದರೆ, ದುಬೈನ ಶಾಲೆಗಳಲ್ಲಿ ಸೀಟು ವಿಚಾರಿಸಿದ್ದು ಗೊತ್ತಾಗಿದ್ದರೆ, ಈ ದಾರಿ ನ್ಯಾಯವಾದದ್ದು. ಆ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ, ದಿನಾಂಕ ಕಾಣುವಂತೆ ಹಾಜರುಪಡಿಸಿ. ಅಂತಹ ಯಾವ ಹಿನ್ನೆಲೆಯೂ ಇಲ್ಲದೆ ಭಯವೊಂದನ್ನೇ ಮುಂದಿಟ್ಟರೆ ಮಾತ್ರ ನೀವು ಹೆದರುವಂತೆ ತಪ್ಪು ಅಭಿಪ್ರಾಯ ಮೂಡಬಹುದು. ಮಗುವಿಗೆ ತಂದೆ ತಾಯಿ ಇಬ್ಬರ ಒಡನಾಟವೂ ಬೇಕು, ಒಬ್ಬರು ಬೇರೆ ದೇಶದಲ್ಲಿದ್ದರೆ ವಿಡಿಯೊ ಕರೆಯ ಮೂಲಕವಾದರೂ ಸಂಪರ್ಕವಿರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆಳಗಿನ ನ್ಯಾಯಾಲಯಗಳು ಆ ಮಾತನ್ನು ಪಾಲಿಸುತ್ತವೆ.

ಎರಡನೆಯದು, ಪ್ರವಾಸವನ್ನು ಒಪ್ಪಿ ಅದರ ರೂಪವನ್ನು ನೀವೇ ನಿರ್ಧರಿಸುವುದು. ನಾನು ನಿಮ್ಮ ವಕೀಲನಾಗಿದ್ದರೆ ಈ ದಾರಿಯನ್ನೇ ಹಿಡಿಯುತ್ತಿದ್ದೆ. ಮೊದಲ ಸಲಕ್ಕೆ 40 ದಿನ ಬೇಡ, ಹನ್ನೆರಡು ಅಥವಾ ಹದಿನೈದು ದಿನ ಸಾಕೆನ್ನಿ. ಮಗ ಹೋಗಿ, ಹೇಳಿದ ದಿನ ಬಂದರೆ, ಮುಂದಿನ ವರ್ಷ ಹೆಚ್ಚು ದಿನಕ್ಕೆ ನೀವೇ ಒಪ್ಪಬಹುದು. ಸುಪರ್ದಿಯ ಆದೇಶಗಳು ಯಾವಾಗಲೂ ಬದಲಾಗಬಲ್ಲವು; 2010ರಲ್ಲಿ ತಾಯಿಯೊಬ್ಬರಿಗೆ ಮಗನನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ಯಲು ಅನುಮತಿ ನೀಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆ ತೀರ್ಪನ್ನು ನೆನಪಿಟ್ಟುಕೊಳ್ಳಿ, ನಾಳೆ ನಿಮಗೂ ಹೊರದೇಶದಲ್ಲಿ ಕೆಲಸ ಸಿಗಬಹುದು.

ಆದೇಶದ ಮಾತುಗಳಲ್ಲಿ ಎಚ್ಚರ ಬೇಕು. ‘ಬೇಸಿಗೆ ರಜೆ ಮುಗಿಯುವುದರೊಳಗೆ’ ಎಂದು ಬರೆದ ಆದೇಶವೊಂದರಲ್ಲಿ ನಾವು ಒದ್ದಾಡಿದ್ದೇವೆ. ನಮ್ಮಲ್ಲಿ ಬೇಸಿಗೆ ರಜೆಯೆಂದರೆ ಏಪ್ರಿಲ್, ಮೇ. ದುಬೈಯ ಶಾಲೆಗಳಿಗೆ ಬೇಸಿಗೆ ರಜೆ ಜುಲೈ, ಆಗಸ್ಟ್. ಆ ತಂದೆ ಆಗಸ್ಟ್ ಕೊನೆಯವರೆಗೆ ಸಮಯವಿದೆಯೆಂದು ಗಂಭೀರವಾಗಿಯೇ ವಾದಿಸಿದರು! ಆದ್ದರಿಂದ ಹೊರಡುವ ದಿನಾಂಕ, ಮರಳುವ ದಿನಾಂಕ, ವಿಮಾನದ ಸಂಖ್ಯೆ, ಹೈದರಾಬಾದಿನಿಂದ ಕಲಬುರಗಿಗೆ ಮಗನನ್ನು ತಂದು ಒಪ್ಪಿಸುವವರು ಯಾರು, ಎಷ್ಟು ಗಂಟೆಗೆ ಎಂಬುದೆಲ್ಲ ಅಂಕಿ ಅಕ್ಷರಗಳಲ್ಲಿ ಇರಲಿ. ಮರಳುವ ಟಿಕೆಟ್ಟನ್ನು ಮೊದಲೇ ಕೊಂಡು ನ್ಯಾಯಾಲಯಕ್ಕೆ ತೋರಿಸಲಿ.

ವೀಸಾದ ಬಗೆಯನ್ನೂ ಬರೆಸಿ. ಸಂಯುಕ್ತ ಅರಬ್ ಸಂಸ್ಥಾನದ ಭೇಟಿ ವೀಸಾ 30 ಅಥವಾ 60 ದಿನಗಳಿಗೆ ಸಿಗುತ್ತದೆ. ಮಗನಿಗೆ 30 ದಿನದ ಭೇಟಿ ವೀಸಾ ಮಾತ್ರ ಮಾಡಿಸತಕ್ಕದ್ದು, ವಾಸದ ವೀಸಾ ಮಾಡಿಸಕೂಡದು, ಅಲ್ಲಿಯ ಶಾಲೆಗೆ ಸೇರಿಸಕೂಡದು, ಮೂರನೆಯ ದೇಶಕ್ಕೆ ಕರೆದೊಯ್ಯಕೂಡದು ಎಂಬ ಸಾಲುಗಳಿಗೆ ನ್ಯಾಯಾಲಯ ಸಾಮಾನ್ಯವಾಗಿ ಹಿಂದೇಟು ಹಾಕುವುದಿಲ್ಲ. ಹೊಸ ಪಾಸ್‌ಪೋರ್ಟ್ ಬಂದ ಕೂಡಲೇ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯದ ಕಚೇರಿಯಲ್ಲಿರಲಿ. ಹೊರಡುವ ಮೂರು ದಿನ ಮೊದಲು ತೆಗೆದುಕೊಂಡು, ಬಂದ ಮೂರು ದಿನದೊಳಗೆ ಮರಳಿಸುವಂತಾಗಲಿ. ಪ್ರತಿದಿನ ಅಲ್ಲಿಯ ಸಂಜೆ ಏಳು ಗಂಟೆಗೆ, ಅಂದರೆ ನಮ್ಮ ಎಂಟೂವರೆಗೆ, ಹದಿನೈದು ನಿಮಿಷ ವಿಡಿಯೊ ಕರೆ. ಇದು ಚಿಕ್ಕದೆನಿಸಿದರೂ, ಕರೆ ನಿಂತ ದಿನವೇ ಏನೋ ಸರಿಯಿಲ್ಲವೆಂದು ಗೊತ್ತಾಗುತ್ತದೆ.

ಮೂರನೆಯ ದಾರಿಯೂ ಇದೆ: ಪತಿಯೇ ರಜೆ ಹಾಕಿ ಬಂದು ಮಗನೊಡನೆ ಭಾಲ್ಕಿಯಲ್ಲೋ ಹೈದರಾಬಾದಿನಲ್ಲೋ ಹದಿನೈದು ದಿನ ಇರಲಿ, ಇಲ್ಲವೇ ಮಗನ ಜೊತೆ ನಿಮ್ಮ ಅಣ್ಣ ದುಬೈಗೆ ಹೋಗಿಬರಲಿ, ಖರ್ಚು ಪತಿಯದು ಎಂದು ಕೇಳಬಹುದು. ಮೊದಲನೆಯದನ್ನು ಪ್ರತಿ ವರ್ಷವೂ ಕೇಳುತ್ತ ಹೋದರೆ ವಿಳಂಬದ ತಂತ್ರವೆಂದು ಕಾಣಬಹುದು. ಎರಡನೆಯದು ಬಾಯಿಮಾತಿಗೆ ಚೆಂದ, ಆದರೆ ಭಾವಮೈದುನನನ್ನು ಮನೆಯಲ್ಲಿಟ್ಟುಕೊಳ್ಳಲು ಒಪ್ಪುವ ಪತಿಯನ್ನು ನಾನು ಒಬ್ಬರನ್ನೇ ಕಂಡಿದ್ದೇನೆ.

ಈ ಮಾತುಕತೆಯನ್ನು ಅರ್ಜಿಯ ವಾದದಲ್ಲಿ ಮಾಡುವುದಕ್ಕಿಂತ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರದಲ್ಲಿ ಮಾಡುವುದು ಮೇಲು. ಪತಿ ವಿಡಿಯೊ ಮೂಲಕ ಸೇರಬಹುದು. ಅಲ್ಲಿ ಒಪ್ಪಿದ್ದನ್ನು ಜಂಟಿ ಮೆಮೊ ಮಾಡಿ ನ್ಯಾಯಾಧೀಶರಿಂದ ಆದೇಶವಾಗಿಸಿಕೊಳ್ಳಿ. ಮೆಮೊವೊಂದನ್ನೇ ನಂಬಿ ಕಳಿಸಬೇಡಿ. ಆದೇಶ ನಿಮಗೆ ವಿರುದ್ಧವಾದರೆ, ಅದು ಮಧ್ಯಂತರ ಆದೇಶವಾದ್ದರಿಂದ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಮಿನ ಮೇಲ್ಮನವಿ ಸಲ್ಲದು. ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. 2008ರಿಂದ ಪೀಠ ನಮ್ಮೂರಲ್ಲೇ ಇರುವುದರಿಂದ ಅದಕ್ಕಾಗಿ ಬೆಂಗಳೂರಿನ ರೈಲು ಹಿಡಿಯಬೇಕಿಲ್ಲ. ವಕೀಲರ ಶುಲ್ಕದ ಚಿಂತೆಯಿದ್ದರೆ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ.

ನ್ಯಾಯಾಧೀಶರು ಮಗನನ್ನು ತಮ್ಮ ಕೊಠಡಿಗೆ ಕರೆದು ಮಾತಾಡಿಸುವ ಸಾಧ್ಯತೆ ಬಹಳವಿದೆ. ಅವನಿಗೆ ಏನನ್ನೂ ಹೇಳಿಕೊಡಬೇಡಿ. ‘ದುಬೈಗೆ ಹೋಗಬೇಕಾ?’ ಎಂಬ ಪ್ರಶ್ನೆಗೆ ಎಂಟು ವರ್ಷದ ಹುಡುಗನೊಬ್ಬ ‘ಹೋಗ್ಬೇಕು, ಆದ್ರ ಮಮ್ಮಿ ಅಳ್ತಾಳ’ ಎಂದದ್ದನ್ನು ನಾನು ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಕೇಳಿದ್ದೇನೆ. ಆ ಒಂದು ಮಾತಿನಿಂದ ತಾಯಿಯ ಇಡೀ ತಕರಾರು ಬಿದ್ದುಹೋಯಿತು. ಹಾಗೆಯೇ, ಪ್ರವಾಸ ತಡೆಯಲೆಂದೇ ಹೊಸ ಕ್ರಿಮಿನಲ್ ದೂರು ಕೊಡು ಎಂಬ ಸಲಹೆ ಯಾರಿಂದಾದರೂ ಬಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕೊನೆಯದಾಗಿ ಸಮಯದ ವಿಚಾರ. ಏಪ್ರಿಲ್ ಕೊನೆ, ಮೇನಲ್ಲಿ ನ್ಯಾಯಾಲಯಗಳಿಗೂ ಬೇಸಿಗೆ ರಜೆ ಬರುತ್ತದೆ. ಮಗ ಮೇ ತಿಂಗಳಲ್ಲಿ ಮರಳಬೇಕಾಗಿದ್ದು ಮರಳದಿದ್ದರೆ, ನೀವು ರಜಾಕಾಲದ ನ್ಯಾಯಾಧೀಶರ ಮುಂದೆ ನಿಂತು ಕಡತವನ್ನೇ ಓದಿರದವರಿಗೆ ಮೂರು ವರ್ಷದ ಕತೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಮರಳುವ ದಿನ ನ್ಯಾಯಾಲಯ ತೆರೆದಿರುವ ವಾರದಲ್ಲಿ ಬೀಳುವಂತೆ ಪ್ರವಾಸವನ್ನು ಏಪ್ರಿಲ್ ಮೊದಲ ಭಾಗಕ್ಕೆ ಇಡಿಸಿ. ಮರಳಿದ ಮೂರನೆಯ ದಿನ ಆದೇಶ ಪಾಲನೆಯಾಯಿತೇ ಎಂಬ ವರದಿಗೆಂದು ಪ್ರಕರಣವನ್ನು ಪಟ್ಟಿಗೆ ತರುವಂತೆ ಆದೇಶದಲ್ಲಿಯೇ ಕೇಳಿ. ಆ ತಾರೀಖಿಗೆ ಮಗ ಮನೆಯಲ್ಲಿ ಆಡಿಕೊಂಡಿರಲಿ, ನೀವು ಪಾಸ್‌ಪೋರ್ಟಿನ ಲಕೋಟೆ ಹಿಡಿದು ಕೋರ್ಟಿಗೆ ಹೋಗಿ.